ಒಂದು ಮಾರು ದೂರ

ಆಗಸ್ಟ್ 10, ಭಾನುವಾರ

ಇವತ್ತು ನನ್ನ ಡಾರ್ಕ್‌ರೂಮಿನಲ್ಲಿ ಕಮೋಡು ಪ್ರತಿಷ್ಠಾಪನೆಯಾಯಿತು.

ಡಾರ್ಕ್‌ರೂಮು ಅನ್ನುವುದು ನಾನಿಟ್ಟ ಹೆಸರು. ಮನೆಯವರ ಪಾಲಿಗೆ ಅದು ಹಿತ್ತಲ ಬಚ್ಚಲು. ಚಿಕ್ಕಬಳ್ಳಾಪುರದ ನರ್ಸಿಂಗ್ ಹೋಮೊಂದರಲ್ಲಿ ನಾನು ಎಕ್ಸ್‌ರೇ ತೆಗೆಯುವವಳು. ಅಲ್ಲಿ ಎಲ್ಲವೂ ಕಂಪ್ಯೂಟರಿಗೆ ಹೋದ ವರ್ಷ, ಬಿಸಾಡಲಿದ್ದ ಟ್ರೇಗಳನ್ನೂ ಕೆಂಪು ದೀಪವನ್ನೂ ಕೇಳಿ ತಂದು ನಂದಿಯ ನಮ್ಮ ಮನೆಯಲ್ಲಿ ಹೂಡಿದೆ. ಕಿಟಕಿಗೆ ಎರಡು ಪದರ ಕಪ್ಪು ಬಟ್ಟೆ, ಬಾಗಿಲ ಸಂದಿಗೆ ಹಳೇ ರಗ್ಗು. ನಾನು ತೆಗೆದ ಕಪ್ಪು-ಬಿಳುಪು ಫಿಲಂಗಳನ್ನು ನಾನೇ ತೊಳೆದದ್ದು ಅಲ್ಲಿ. ಒಳಗಿದ್ದಾಗ ಯಾರೂ ಬಾಗಿಲು ತಟ್ಟಬಾರದು ಅನ್ನುವುದೊಂದೇ ನನ್ನ ಕಾನೂನು. ತಟ್ಟುತ್ತಿದ್ದವರೂ ಒಬ್ಬರೇ, ನಮ್ಮತ್ತೆ ಗಂಗುಲಮ್ಮನವರು. "ಇನ್ನೂ ಎಷ್ಟೊತ್ತೇ? ಒಳಗೇನು ಮೊಟ್ಟೆಗೆ ಕಾವು ಕೊಡ್ತಿದ್ದೀಯಾ?"

ಹೋದ ವಾರ ಅತ್ತೆಯ ಎಡ ಮಂಡಿಗೆ ಆಪರೇಷನ್ನಾಯಿತು. ಇನ್ನು ಕುಕ್ಕರುಗಾಲಲ್ಲಿ ಕೂರುವ ಹಾಗಿಲ್ಲ. ಮುಂದಿನ ಬಚ್ಚಲಿಗೆ ಮೂರು ಮೆಟ್ಟಿಲು, ಹಿತ್ತಲದ್ದಕ್ಕೆ ಒಂದೂ ಇಲ್ಲ. ಇದಕ್ಕೆ ನಾನು ಏನು ತಾನೇ ಅನ್ನಲಿ? ಟ್ರೇಗಳನ್ನು ಅಟ್ಟಕ್ಕೆ ಹಾಕಿದೆ. ಕೆಂಪು ದೀಪ ಬಿಚ್ಚಲು ಹೋದರೆ ಆಯಮ್ಮ ಬಾಗಿಲಲ್ಲಿ ಕೂತು, "ಅದಿರ್ಲಿ ಬಿಡೇ, ಕಣ್ಣಿಗೆ ತಂಪಾಗಿದೆ" ಅಂದರು.

ನನ್ನ ಹೊಟ್ಟೆ ಉರಿದುಹೋಯಿತು.

ಆಗಸ್ಟ್ 17, ಭಾನುವಾರ

ವಾಕರ್ ಹಿಡಿದು ದಿನಾ ಅಂಗಳದವರೆಗೆ ನಡೆಸಿ ಅಂದಿದ್ದಾರೆ ಡಾಕ್ಟರು. ನಡೆಯದಿದ್ದರೆ ಮಂಡಿ ಮರದ ಹಾಗೆ ಬಿಗಿದುಕೊಳ್ಳುತ್ತದಂತೆ. ಆಯಮ್ಮ ಒಂದು ಸಲ ನಡೆದು, ಹೊಸಿಲ ಹತ್ತಿರ ಸ್ವಲ್ಪ ವಾಲಿದರು. ಬೀಳಲಿಲ್ಲ, ನಮ್ಮ ಯಜಮಾನರು ಮೂರ್ತಿ ಹಿಡಿದುಕೊಂಡರು. ಅಷ್ಟಕ್ಕೇ ಹೆದರಿ ಕುರ್ಚಿಗೆ ಅಂಟಿಕೊಂಡಿದ್ದಾರೆ. ಬಚ್ಚಲಿಗೂ ಇಬ್ಬರು ಹಿಡಿಯಬೇಕು.

"ನಾನು ಆಪರೇಷನ್ ಮಾಡ್ಸಿದ್ದು ನೋವಿಲ್ದಂಗೆ ಕೂತ್ಕೊಳಕ್ಕೆ ಕಣೇ, ಊರು ಸುತ್ತಕ್ಕಲ್ಲ."

ಇದಕ್ಕೆ ಉತ್ತರ ಕೊಡುವ ಡಾಕ್ಟರು ಇನ್ನೂ ಹುಟ್ಟಿಲ್ಲ.

ಮೂರ್ತಿಗೆ ನನ್ನ ಮುಖ ನೋಡಿ ಪಾಪ ಅನ್ನಿಸಿರಬೇಕು. ಊಟಕ್ಕೆ ಕೂತಾಗ, "ನಿಂಗೊಂದು ಡಿಜಿಟಲ್ ಕ್ಯಾಮೆರಾ ತಗೊಂಡ್ಬಿಡಣ ಬಿಡು. ತೊಳಿಯಂಗಿಲ್ಲ, ಕತ್ತಲೆ ಬೇಕಾಗಿಲ್ಲ" ಅಂದರು. ನಲವತ್ತು ಸಾವಿರದ ಒಳಗೆ, ಅದೂ ಸೇರಿಸಿದರು. ಬಚ್ಚಲು ಹೋದದ್ದಕ್ಕೆ ಪರಿಹಾರಧನ. ಫಿಲಂ ಬೆಲೆಯೂ ಈಚೆಗೆ ಬೆಳ್ಳಿಯ ಜೊತೆ ಪಂದ್ಯ ಕಟ್ಟಿದೆ, ಅದೂ ನಿಜ. ಆದರೂ ಹೂಂ ಅನ್ನಲು ಬಾಯಿ ಬರಲಿಲ್ಲ. ಮಗಳು ಸೌಜನ್ಯ ತುಮಕೂರಿನ ಹಾಸ್ಟೆಲಿನಿಂದ ಫೋನು ಮಾಡಿ, "ಅಮ್ಮಾ, ಫೋನಲ್ಲೇ ತೆಗಿ, ಸಾಕು" ಅಂದಳು. ಫೋನಿನಲ್ಲಂತೆ! ಸತ್ತ ಇಲಿಯ ಬಾಲ ಹಿಡಿದ ಹಾಗೆ ಕೈಯನ್ನು ಉದ್ದಕ್ಕೆ ಚಾಚಿಕೊಂಡು ತೆಗೆಯುವುದೂ ಒಂದು ಫೋಟೋವೇ?

ಆಗಸ್ಟ್ 31, ಭಾನುವಾರ

ಹದಿನೈದು ದಿನದಿಂದ ಕ್ಯಾಮೆರಾ ನೋಡುತ್ತಿದ್ದೇನೆ. ಹೆಣ್ಣು ನೋಡುವವರೂ ಇಷ್ಟು ಕೊಂಕು ತೆಗೆದಿರಲಾರರು.

ಒಂದಕ್ಕೆ ಕಣ್ಣಿಟ್ಟು ನೋಡುವ ಕಿಂಡಿಯೇ ಇಲ್ಲ. ಇನ್ನೊಂದಕ್ಕೆ ಕಿಂಡಿಯಿದೆ, ಆದರೆ ಒಳಗೆ ನೋಡಿದರೆ ಟೀವಿ. ಮತ್ತೊಂದು ಬಟನ್ ಒತ್ತಿದಾಗಲೆಲ್ಲ ಆಟದ ಸಾಮಾನಿನ ಹಾಗೆ ಪೀ ಅನ್ನುತ್ತದೆ. ದೊಡ್ಡದು, ಕನ್ನಡಿ ಇರುವಂಥದು, ಹಳೆಯದಾದರೆ ಕಡಿಮೆಗೇ ಸಿಗುತ್ತದೆ, ಆದರೆ ಭಾರ ನೋಡಿದರೆ ನಮ್ಮ ರುಬ್ಬುಗುಂಡು ವಾಸಿ. ಹೊಸದಾಗಿ ಬರುವ ಚಿಕ್ಕವು ಹಳೇ ಫಿಲಂ ಕ್ಯಾಮೆರಾದ ವೇಷ ಹಾಕಿಕೊಂಡು ಬರುತ್ತವೆ, ಬೆಲೆ ಕೇಳಿದರೆ ವೇಷಕ್ಕೇ ಅರ್ಧ.

ನನಗೆ ಬೇಕಾದದ್ದು ಇಷ್ಟೆ. ಕಣ್ಣಿಡಲು ಕಿಂಡಿ. ಬೆರಳಿಗೆ ಸಿಗುವ ತಿರುಗಣೆ. ನನ್ನ ಫಿಲಂ ಕ್ಯಾಮೆರಾದ ಹಳೇ ಲೆನ್ಸು ಅದಕ್ಕೆ ಕೂರಬೇಕು. ಕೊನೆಯದು ಆಗುತ್ತದಂತೆ, ನಡುವೆ ಒಂದು ಲೋಹದ ಬಳೆ ಹಾಕಿದರೆ ಸಾಕಂತೆ. ಅದನ್ನು ಓದಿದ ಮೇಲೆ ಮನಸ್ಸು ಸ್ವಲ್ಪ ಮೆತ್ತಗಾಯಿತು. ಕಣ್ಣು ಹಳೆಯದೇ, ದೇಹ ಮಾತ್ರ ಬೇರೆ.

"ಅಮ್ಮ ಇವತ್ತು ನಡೆದ್ರಾ?" ಅಂತ ಮೂರ್ತಿ ಕೇಳಿದರು. ನಾನು ಗಮನಿಸಿರಲಿಲ್ಲ.

ಸೆಪ್ಟೆಂಬರ್ 7, ಭಾನುವಾರ

ಚಿಂತಾಮಣಿಗೆ ಹೋಗಿದ್ದೆವು. ಅಲ್ಲಿ ರಮೇಶ್‌ಬಾಬು ಅಂತ ಮದುವೆ ಫೋಟೋ ತೆಗೆಯುವವರು ತಮ್ಮ ಚಿಕ್ಕ ಕ್ಯಾಮೆರಾ ಮಾರುತ್ತಿದ್ದಾರೆ. ಒಳಗೆ ಕನ್ನಡಿಯಿಲ್ಲದ ಜಾತಿ. ಮಾತಿಗೊಂದು ತೆಲುಗು. "ತೀಸ್ಕೋ ಅಕ್ಕಾ, ಬಂಗಾರದಂಥ ಪೀಸು. ಮುಹೂರ್ತದ್ದು ಒಂದೂ ಮಿಸ್ ಮಾಡಿಲ್ಲ."

ನಾನು ಕಿಂಡಿಗೆ ಕಣ್ಣಿಟ್ಟೆ. ಒಳಗೆ ಟೀವಿಯೇ. ಆದರೂ ಲೆನ್ಸಿನ ಬಳೆ ತಿರುಗಿಸಿದರೆ ಚಿತ್ರ ಮಂಜಿನಿಂದ ಹೊರಬಂದ ಹಾಗೆ ಬರುತ್ತದೆ. ಇಷ್ಟವಾಗಿಬಿಟ್ಟಿತು. ಇಷ್ಟವಾದದ್ದು ಮುಖದಲ್ಲಿ ಕಾಣಬಾರದು ಅಂತ ಅಲ್ಲಿ ಗೀರಿದೆ, ಇಲ್ಲಿ ಸವೆದಿದೆ ಅಂತ ಗೊಣಗುತ್ತಿದ್ದೆ. ಅಷ್ಟರಲ್ಲಿ ಮೂರ್ತಿ ಕ್ಯಾಮೆರಾ ಇಸಿದುಕೊಂಡು ಕಿವಿಯ ಹತ್ತಿರ ಹಿಡಿದು ಗಡಗಡ ಅಲ್ಲಾಡಿಸಿದರು!

ಇವರಿಗೆ ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ತೂಕ ಬರೆಯುವ ಕೆಲಸ. ಅಲ್ಲಿ ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಳಗಿನ ಹುಳ ಹೇಗಿದೆ ಅಂತ ತಿಳಿಯುತ್ತಾರೆ. ಮಾವಿನಹಣ್ಣು ಬಿಟ್ಟು ಬೇರೆಲ್ಲವನ್ನೂ ಇವರು ಅಲ್ಲಾಡಿಸಿಯೇ ಕೊಳ್ಳುವುದು.

"ಒಳಗೆ ಲೊಟಕ್ ಅಂತದೆ. ಹುಳ ಸತ್ತಿದೆ, ಬೇಡ ಕಣೇ."

ರಮೇಶ್‌ಬಾಬು ಎದೆ ಹಿಡಿದುಕೊಂಡರು. ಆಮೇಲೆ ಉಸಿರು ಬಂದ ಮೇಲೆ ವಿವರಿಸಿದರು. ಕೈ ನಡುಗಿದರೂ ಚಿತ್ರ ನಡುಗದಿರಲಿ ಅಂತ ಒಳಗೆ ಫಿಲಂ ಬದಲಿಗಿರುವ ಸೆನ್ಸರನ್ನು ತೇಲುವ ಹಾಗೆ ಕೂರಿಸಿರುತ್ತಾರಂತೆ, ಆಫ್ ಆಗಿದ್ದಾಗ ಅದು ಅಲ್ಲಾಡುವುದು ಸಹಜವಂತೆ. ಮೂರ್ತಿ ನಂಬಲಿಲ್ಲ. ಆನ್ ಮಾಡಿಸಿ ಇನ್ನೊಂದು ಸಲ ಅಲ್ಲಾಡಿಸಿದರು, ಸದ್ದಿಲ್ಲ. "ಹುಳ ಎದ್ದಿದೆ" ಅಂದರು.

ದುಡ್ಡು ಕೊಡಲು ಮಾತ್ರ ಆಗಲಿಲ್ಲ. ಇವತ್ತು ಗ್ರಹಣ, ನಾಳೆಯಿಂದ ಪಿತೃಪಕ್ಷ. ಆಯಮ್ಮ ಬರುವಾಗಲೇ ಕುರ್ಚಿಯಿಂದ ಆಜ್ಞೆ ಹೊರಡಿಸಿದ್ದರು.

ಸೆಪ್ಟೆಂಬರ್ 13, ಶನಿವಾರ

ಆ ಕ್ಯಾಮೆರಾಕ್ಕೆ ಗೌರಿಬಿದನೂರಿನವರು ಯಾರೋ ಗಂಟು ಬಿದ್ದಿದ್ದಾರಂತೆ. ರಮೇಶ್‌ಬಾಬು ಫೋನು ಮಾಡಿದ್ದರು.

"ಅತ್ತೇ, ನಾವು ಕೊಳ್ತಿರೋದು ಹಳೇದು. ಹಳೇದಕ್ಕೆ ಯಾವ ಪಕ್ಷ?"

"ಅದು ಅವನಿಗೆ ಹಳೇದು. ನಮ್ಮನೆಗೆ ಹೊಸದು ತಾನೇ? ನೀನು ಈ ಮನೆಗೆ ಬಂದಾಗ ನಿಮ್ಮಪ್ಪನ ಮನೆಗೆ ನೀನು ಹಳಬಳು, ನಮಗೆ ಹೊಸ ಸೊಸೆ. ಆಷಾಢದಲ್ಲಿ ತುಂಬಿಸ್ಕೊಂಡ್ವಾ?"

ಈ ಬಾಯಿ ಮಂಡಿಯಲ್ಲಿ ಇದ್ದಿದ್ದರೆ ಆಯಮ್ಮ ಇಷ್ಟೊತ್ತಿಗೆ ಬೆಟ್ಟ ಹತ್ತಿ ಇಳಿಯುತ್ತಿದ್ದರು.

ಸೆಪ್ಟೆಂಬರ್ 28, ಭಾನುವಾರ

ಬಂತು! ಗೌರಿಬಿದನೂರಿನವರ ಮನೆಯಲ್ಲೂ ಪಿತೃಪಕ್ಷವೇ ಇತ್ತಲ್ಲ, ಅವರೂ ಕೊಂಡಿರಲಿಲ್ಲ. ನವರಾತ್ರಿಯಲ್ಲಿ ನಾನೇ ಮುಂಚೆ ಹೋದೆ.

ಫಿಲಂ ಕ್ಯಾಮೆರಾದ ಲೆನ್ಸು ಬಿಚ್ಚಿ, ಬಳೆ ಹಾಕಿ, ಇದಕ್ಕೆ ಕೂರಿಸಿದೆ. ಸರಿಯಾಗಿ ಕೂತಿತು. ಆ ಕ್ಯಾಮೆರಾ ಈಗ ಹಲ್ಲುಸೆಟ್ಟು ತೆಗೆದಿಟ್ಟ ಅಜ್ಜಿಯ ಹಾಗೆ ಬೀರುವಿನಲ್ಲಿ ಕೂತಿದೆ. ಸಂಜೆ ಬೆಟ್ಟದ ಬುಡದ ಬಂಡೆಗಳನ್ನು ತೆಗೆದೆ. ಫಿಲಂನ ಅಭ್ಯಾಸದಲ್ಲಿ ತೆಗೆದ ಮೇಲೆ ಹೆಬ್ಬೆರಳು ತಾನಾಗಿ ಲಿವರ್ ಹುಡುಕುತ್ತದೆ, ಅಲ್ಲಿ ಏನೂ ಇಲ್ಲ. ಒಂದು ಸಂಜೆಗೆ ಏಳು ಫೋಟೋ. ದುಂದಾಯಿತೇನೋ ಅನ್ನಿಸಿತು.

ಅತ್ತೆಯನ್ನು ತೆಗೆಯಲೇ ಅಂತ ಕೇಳಿದೆ, ಮರ್ಯಾದೆಗೆ. "ನಾನು ಹಾರ ಹಾಕಿಸ್ಕೊಂಡು ಗೋಡೆ ಹತ್ತಕ್ಕೆ ಇನ್ನೂ ಟೈಮಿದೆ" ಅಂದರು. ಹಾಗಾಗಿ ಆಯಮ್ಮನದು ನಾನು ತೆಗೆದ ಚಿತ್ರ ಇಂದಿಗೂ ಒಂದೇ, ಎಡ ಮಂಡಿಯ ಎಕ್ಸ್‌ರೇ.

ಅಕ್ಟೋಬರ್ 1, ಬುಧವಾರ, ಆಯುಧಪೂಜೆ

ಈಗಲೇ ಕೂತು ಬರೆಯುತ್ತಿದ್ದೇನೆ, ಇಲ್ಲದಿದ್ದರೆ ಬಾಯಿಬಿಟ್ಟು ಇನ್ನೂ ಏನಾದರೂ ಅಂದುಬಿಡುತ್ತೇನೆ.

ಮಣೆಯ ಮೇಲೆ ಮೂರ್ತಿಯ ಬೈಕಿನ ಕೀ, ಈಳಿಗೆ ಮಣೆ, ಕುಡುಗೋಲು, ನನ್ನ ಫಿಲಂ ಕ್ಯಾಮೆರಾ ಎಲ್ಲಾ ಜೋಡಿಸಿದ್ದೆ. ಹೊಸದರ ಲೆನ್ಸು ಬಿಚ್ಚಿ ಒರೆಸುತ್ತಿದ್ದಾಗ ಒಲೆಯ ಮೇಲೆ ಪಾಯಸ ಉಕ್ಕಿತು. ಕ್ಯಾಮೆರಾವನ್ನು ಬಾಯಿ ತೆರೆದ ಹಾಗೇ ಮಣೆಯ ಮೇಲಿಟ್ಟು ಅಡುಗೆಮನೆಗೆ ಓಡಿದೆ. ಹಿರಿಯರು ಅಂತ ಅರಿಶಿನ-ಕುಂಕುಮ ಇಡುವುದು ಪ್ರತಿವರ್ಷ ಅತ್ತೆಯೇ. ಫಿಲಂ ಕ್ಯಾಮೆರಾಕ್ಕೆ ಬೆನ್ನ ಮೇಲೆ ಇಡುತ್ತಿದ್ದರು. ಇದಕ್ಕೆ ಒಳಗೆ ಹೊಳೆಯುವ ಸೆನ್ಸರು ಕಾಣಿಸಿದೆ. ಕುರ್ಚಿಯಿಂದಲೇ ಬಗ್ಗಿ, ಚಿಟಿಕೆ ಕುಂಕುಮ ತೆಗೆದು, ನೇರ ಅದರ ಮೇಲೆ ಇಟ್ಟಿದ್ದಾರೆ!

"ಕಣ್ಣು ಅಲ್ಲೇ ಐತಲ್ಲ. ಕಣ್ಣಿಗಿಟ್ರೆ ತಾನೇ ದೃಷ್ಟಿ ಆಗಲ್ಲ?"

ನಾನು ಮಾಡಿದ್ದಾದರೂ ಏನು? ಫಿಲಂ ಕ್ಯಾಮೆರಾದೊಳಗೆ ಧೂಳು ಬಿದ್ದರೆ ಊದುವ ಹಾಗೆ ಉಫ್ ಅಂತ ಊದಿದೆ. ಉಗುಳಿನ ಹನಿ ಹಾರಿ ಇದ್ದಬದ್ದ ಕುಂಕುಮ ಅಂಟಿ ಕೂತಿತು. ಫಿಲಂನಲ್ಲಿ ಪ್ರತಿ ಚಿತ್ರಕ್ಕೂ ಹೊಸ ಹಾಳೆ ಬರುತ್ತದೆ, ಹಳೇ ಕೊಳೆ ಮುಂದಕ್ಕೆ ಉರುಳಿ ಹೋಗುತ್ತದೆ. ಇದಕ್ಕೆ ಇರುವುದೊಂದೇ ಹಾಳೆ. ಅದು ನನಗೆ ಹೊಳೆದದ್ದು ಊದಿದ ಮೇಲೆ.

ಆಮೇಲೆ ಅತ್ತೆಗೆ ಅಂದೆ. "ಕೂತಲ್ಲೇ ಕೂತ್ಕೊಂಡು ಮನೇಲಿರೋದೆಲ್ಲಾ ಹಾಳು ಮಾಡಿ. ಬಚ್ಚಲಾಯ್ತು, ಈಗ ಇದು." ಹಬ್ಬದ ದಿನ. ಎಲ್ಲರೆದುರು.

ಅಕ್ಟೋಬರ್ 2, ಗುರುವಾರ

ಅತ್ತೆ ಮಾತಾಡಲಿಲ್ಲ. ಹೋಳಿಗೆ ಮುಟ್ಟಲಿಲ್ಲ.

ಅಕ್ಟೋಬರ್ 5, ಭಾನುವಾರ

ಬೆಳಿಗ್ಗೆ ಬೆಟ್ಟ ತೆಗೆದೆ. ಎಲ್ಲಾ ಫೋಟೋದಲ್ಲೂ ಎಡಗಡೆ ಮೇಲೆ, ಒಂದೇ ಜಾಗದಲ್ಲಿ, ಮೂರು ಮಚ್ಚೆ. ಆಕಾಶದಲ್ಲಿ ಕೂತರೆ ಹದ್ದು ಅನ್ನಬಹುದು, ಬಂಡೆಯ ಮೇಲೆ ಕೂತರೆ ಏನನ್ನಲಿ? ರಮೇಶ್‌ಬಾಬುಗೆ ಫೋನಿನಲ್ಲಿ ವಿಷಯ ಹೇಳಿದೆ. ಹೇಳುತ್ತಿದ್ದಷ್ಟು ಹೊತ್ತೂ ನಗುತ್ತಿದ್ದರು. "ಅಕ್ಕಾ, ನೀರು, ಬಟ್ಟೆ, ಊದೋದು ಏನೂ ಮಾಡ್ಬೇಡಿ. ಬೆಂಗ್ಳೂರಲ್ಲಿ ಸರ್ವೀಸಿಗೆ ಕೊಡಿ" ಅಂದರು. ಬೆಂಗಳೂರಿಗೆ ಹೋಗಲು ರಜೆ ಎಲ್ಲಿದೆ? ಇದ್ದಬದ್ದ ರಜೆಯೆಲ್ಲ ಮಂಡಿಗೆ ಹೋಯಿತು.

ಅತ್ತೆ ಈಗ ವಾಕರ್ ಮುಟ್ಟುವುದೂ ಇಲ್ಲ. "ಕೂತಲ್ಲೇ ಕೂತಿರ್ತೀನಿ ಬಿಡು" ಅನ್ನುತ್ತಾರೆ, ನನಗಲ್ಲ, ಗೋಡೆಗೆ. ಅಂದದ್ದನ್ನು ನುಂಗಿಕೊಳ್ಳಲು ಆಗುವ ಹಾಗಿದ್ದರೆ!

ಅಕ್ಟೋಬರ್ 11, ಶನಿವಾರ

ಡಾಕ್ಟರು ಅತ್ತೆಯ ಮಂಡಿ ಬಗ್ಗಿಸಿ ನೋಡಿದರು. ಬಗ್ಗುವುದಿಲ್ಲ. "ಅಜ್ಜೀ, ನವೆಂಬರ್ ಕೊನೆವರೆಗೆ ನೋಡ್ತೀನಿ. ಅಷ್ಟರಲ್ಲಿ ನಡೀದೆ ಇದ್ರೆ ಮತ್ತೆ ಮಲಗಿಸಿ, ಮತ್ತಿನ ಇಂಜೆಕ್ಷನ್ ಕೊಟ್ಟು, ನಾವೇ ಬಗ್ಗಿಸ್ಬೇಕಾಗುತ್ತೆ" ಅಂದರು.

ಬರುವಾಗ ಆಟೋದಲ್ಲಿ ಅತ್ತೆ ನನ್ನ ಸೆರಗಿನ ತುದಿ ಹಿಡಿದುಕೊಂಡು ಕೂತಿದ್ದರು. ಹಿಡಿದಿದ್ದೇನೆ ಅಂತ ಅವರಿಗೇ ಗೊತ್ತಿರಲಿಲ್ಲ. ನನಗೆ ಭಯವಾಯಿತು. ಈ ವಯಸ್ಸಿಗೆ ಇನ್ನೊಂದು ಸಲ ಮತ್ತು ಕೊಡುವುದು ಬೇಡವೇ ಬೇಡ. ಆದರೆ ನಡೆಸುವುದು ಹೇಗೆ? ನಾನು ನಡೆಯಿರಿ ಅಂದರೆ, ನಾನಂದ ಆ ಮಾತೇ ಅವರಿಗೆ ಕೇಳಿಸುತ್ತದೆ.

ಅಕ್ಟೋಬರ್ 19, ಭಾನುವಾರ

ದೇವಸ್ಥಾನದ ಕಲ್ಲುಮಂಟಪದಲ್ಲಿ ಒಂದು ವಿಷಯ ತಿಳಿಯಿತು. ಒಳಗೆ ಕತ್ತಲು. ಬೆಳಕಿಗಾಗಿ ಲೆನ್ಸಿನ ಒಳಕಿಂಡಿಯನ್ನು ಹದಿನಾರರಿಂದ ನಾಲ್ಕಕ್ಕೆ ಅಗಲಿಸಿದೆ, ಅಂಕಿ ಇಳಿದಷ್ಟೂ ಅದು ಅಗಲ. ಮಚ್ಚೆ ಮಾಯ! ಕಿಂಡಿ ಚಿಕ್ಕದಾದರೆ ಮಚ್ಚೆ ಎದ್ದು ಕಾಣುತ್ತದೆ, ಅಗಲವಾದರೆ ಕರಗಿಹೋಗುತ್ತದೆ. ತೊಂದರೆಯೆಂದರೆ, ಆಗ ಬೆಟ್ಟ-ಬಂಡೆಯೆಲ್ಲ ಒಟ್ಟಿಗೆ ಚೂಪಾಗಿ ಬರುವುದಿಲ್ಲ, ಹತ್ತಿರದ ಒಂದೇ ಒಂದು ವಸ್ತು ಚೂಪು, ಉಳಿದದ್ದೆಲ್ಲ ಹಾಲಿನ ಕೆನೆ. ಇನ್ನೇನು ಮಾಡಲಿ, ಕಂಬ ಬಿಟ್ಟು, ಅದಕ್ಕೊರಗಿ ಹೂ ಕಟ್ಟುತ್ತಿದ್ದವಳ ಮುಖ ತೆಗೆದೆ. ಅವಳ ಮೂಗುಬೊಟ್ಟಿನ ಮೇಲೆ ಬೆಳಕು ಕೂತಿತ್ತು. ಬೆಟ್ಟವನ್ನು ಮತ್ತೆ ತೆಗೆಯುವುದು ಸರ್ವೀಸಾದ ಮೇಲೆ.

ಅಕ್ಟೋಬರ್ 20, ಸೋಮವಾರ, ನರಕ ಚತುರ್ದಶಿ

ಎಣ್ಣೆ ಸ್ನಾನವಾದ ಮೇಲೆ ಆ ಹೂವಿನವಳ ಫೋಟೋವನ್ನು ಟೀವಿಗೆ ಹಾಕಿ ಅತ್ತೆಯ ಕುರ್ಚಿ ಅತ್ತ ತಿರುಗಿಸಿದೆ.

"ಮಚ್ಚೆ ಹೋಯ್ತಾ?" ಅಂದರು. ಹತ್ತೊಂಬತ್ತು ದಿನದ ಮೇಲೆ ಮೊದಲ ಮಾತು. ಮುಡಿಪು ಕಟ್ಟಿಟ್ಟಿದ್ದರಂತೆ, ಮಚ್ಚೆ ಹೋಗಲಿ ಅಂತ. ಮಂಡಿಗೆ ಕಟ್ಟಲಿಲ್ಲ, ಕ್ಯಾಮೆರಾಕ್ಕೆ ಕಟ್ಟಿದ್ದಾರೆ! ನನಗೆ ನಗು ಬಂತೋ ಅಳು ಬಂತೋ. "ತಪ್ಪಾಯ್ತು ಅತ್ತೆ, ಆವತ್ತು ಹಂಗನ್ನಬಾರ್ದಿತ್ತು" ಅಂದೆ. "ಅಂದ್ರೆ ಅಂದೆ ಬಿಡು. ನಾನೂ ನಮ್ಮತ್ತೆಗೆ ಏನ್ ಕಮ್ಮಿ ಅಂದಿದ್ನಾ?" ಅಂದರು.

ಆಮೇಲೆ ನಿಮ್ಮದೊಂದು ತೆಗೀತೀನಿ ಅಂದರೆ ಮತ್ತೆ ಗೋಡೆ ಪುರಾಣ. "ಹಂಗಾದ್ರೆ ನೀವೇ ತೆಗೀರಿ" ಅಂತ ಕ್ಯಾಮೆರಾ ಕೈಗೆ ಕೊಟ್ಟೆ. ಪಟ್ಟಿಯನ್ನು ಕೊರಳಿಗೆ ಹಾಕಿದೆ.

"ಒತ್ತಿದ್ರೆ ದುಡ್ಡು ಖರ್ಚಾಗಲ್ವಾ?"

"ಇಲ್ಲ."

"ಎಷ್ಟ್ ಸಲ ಒತ್ತಿದ್ರೂ?"

ಇದನ್ನು ನಾನು ಹೇಳಬಾರದಿತ್ತು.

ಅಕ್ಟೋಬರ್ 22, ಬುಧವಾರ

ಅತ್ತೆ ಕೂತಲ್ಲಿಂದ ತೆಗೆದ ಇನ್ನೂರು ಚಿಲ್ಲರೆ ಫೋಟೋದಲ್ಲಿ ಒಂದೂ ಚೂಪಿಲ್ಲ. ಲೆನ್ಸಿನ ಬಳೆಯನ್ನು ಪ್ರತಿಸಲ ತಿರುಗಿಸುವುದು ಅವರಿಗಾಗದು. ಅದಕ್ಕೆ ಒಂದು ಉಪಾಯ ಮಾಡಿದೆ. ಬಳೆಯನ್ನು ಒಂದೇ ದೂರಕ್ಕೆ ನಿಲ್ಲಿಸಿ, ನರ್ಸಿಂಗ್ ಹೋಮಿನ ಬಿಳೀ ಟೇಪು ಸುತ್ತಿಬಿಡುವುದು. ಆಮೇಲೆ ಎಷ್ಟು ದೂರ ಅನ್ನುವುದು ನೆನಪಿದ್ದರೆ ಸಾಕು.

"ಐದಡಿ" ಅಂದೆ. ಅಡಿಗಿಡಿ ನಂಗೆ ತಿಳಿಯಲ್ಲ ಅಂದರು. ತೋಟದ ಸೇವಂತಿಗೆ ಕಟ್ಟಿ ಮಾರುತ್ತಿದ್ದವರು, ಅವರ ಅಳತೆಯೆಲ್ಲ ಎರಡು ಕೈ ಅಗಲಿಸಿದ ಮಾರು. ಸರಿ, ಕೈ ಅಗಲಿಸಿ ಅಂದೆ.

"ಕೊಡೋವಾಗಿನ ಮಾರೋ, ತಗೊಳ್ಳೋವಾಗಿನ ಮಾರೋ?"

ಎರಡಕ್ಕೂ ಅಳತೆ ಟೇಪು ಹಿಡಿದೆ. ಕೊಡುವಾಗಿನದು ಒಂದು ಗೇಣು ಗಿಡ್ಡ. ಕೊಳ್ಳುವಾಗಿನದಕ್ಕೆ ಬಳೆ ನಿಲ್ಲಿಸಿ ಟೇಪು ಸುತ್ತಿದೆ. "ಯಾವುದನ್ನೇ ತೆಗೀಬೇಕಾದ್ರೂ ಒಂದು ಮಾರು ದೂರಕ್ಕೆ ಹೋಗಿ ನಿಂತ್ಕೋಬೇಕು ಅತ್ತೆ. ಆಚೆನೂ ಬೇಡ, ಈಚೆನೂ ಬೇಡ."

"ಹೋಗಬೇಕಾ?" ಅಂದರು.

"ಅದು ನಿಮ್ಮ ಹತ್ರ ಬರಲ್ಲ."

ಸ್ವಲ್ಪ ಹೊತ್ತು ಬಾಗಿಲ ಹೊರಗಿನ ಕೋಳಿಯನ್ನು ನೋಡುತ್ತಾ ಕೂತಿದ್ದರು. ನಾನು ಡ್ಯೂಟಿಗೆ ಹೊರಟೆ.

ಅಕ್ಟೋಬರ್ 29, ಬುಧವಾರ

ಕೋಳಿ. ಕೋಳಿಯ ಬೆನ್ನು. ಕೋಳಿ ಇದ್ದ ಜಾಗ. ಕಾರ್ಡಿನ ತುಂಬ ಇದೇ. ಅಂಗಳದ ತುಳಸಿಕಟ್ಟೆಯನ್ನು ನಾಲ್ಕೂ ದಿಕ್ಕಿನಿಂದ ತೆಗೆದಿದ್ದಾರೆ, ವಾಕರಿನ ಒಂದು ಕಾಲೂ ಚಿತ್ರದೊಳಗೆ ಬಂದಿದೆ. ಚೌಕಟ್ಟಿನ ಶಿಸ್ತು ಅನ್ನುವುದು ಬೇಡವೇ?

ಮೂರ್ತಿ ಅದನ್ನೇ ದಿಟ್ಟಿಸಿ ನೋಡುತ್ತಾ, "ಅಂಗಳಕ್ಕೆ ಹೋಗಿದ್ರಾ?" ಅಂದರು. "ಹೋಗ್ದೆ ಇನ್ನೇನು, ಬಿಸಿಲಲ್ಲಿ ತೆಗೆದ್ರೆ ಹಿಂಗೇ ಬೆಳ್ಳಗಾಗೋದು" ಅಂದೆ.

ನವೆಂಬರ್ 2, ಭಾನುವಾರ

ನನ್ನ ಕ್ಯಾಮೆರಾ ನನಗೆ ಸಿಗುತ್ತಿಲ್ಲ. ಇವತ್ತು ದ್ರಾಕ್ಷಿತೋಟದ ಮೇಲೆ ಮಂಜಿತ್ತು, ಕೇಳಿದರೆ, "ಬಿಸಿಲು ಬರ್ಲಿ ಇರು, ನಂದೊಂದು ಕೆಲ್ಸ ಐತೆ" ಅಂತಾರೆ. ನಲವತ್ತು ಸಾವಿರದ ವಸ್ತುವಿಗೆ ನಾನು ಸರದಿಯಲ್ಲಿ ನಿಲ್ಲಬೇಕು!

ಕಾರ್ಡಿನಲ್ಲಿ ಬೀದಿಯ ಕೊನೆಯ ಕೊಂಡಮ್ಮನ ಮನೆಯ ಹಿತ್ತಲು ಬಂದಿದೆ. ಸೀಬೆಗಿಡ, ಒಗೆಯುವ ಕಲ್ಲು, ಬಾಯಿಗೆ ಸೆರಗು ಇಟ್ಟುಕೊಂಡು ನಗುತ್ತಿರುವ ಕೊಂಡಮ್ಮ. ಕ್ಯಾಮೆರಾ ಅಲ್ಲಿಗೆ ಹೋದದ್ದು ಹೇಗೆ? ಕೊಂಡಮ್ಮ ಇಸಿದುಕೊಂಡು ಹೋಗಿರಬೇಕು. ಕಂಡಕಂಡವರ ಕೈಗೆ ಕೊಡಬೇಡಿ ಅಂದೆ. ಅತ್ತೆ ಬಾಯೊಳಗೇ ನಕ್ಕರು.

ಒಪ್ಪಿಕೊಳ್ಳುತ್ತೇನೆ, ಕೊಂಡಮ್ಮನ ಆ ಫೋಟೋ ಬಹಳ ಚೆನ್ನಾಗಿದೆ. ನಾನು ತೆಗೆದಿದ್ದರೆ ಬೆಳಕು ಅಳೆಯುವಷ್ಟರಲ್ಲಿ ಅವಳ ನಗು ಆರಿರುತ್ತಿತ್ತು. ಚಿಕ್ಕಬಳ್ಳಾಪುರದಲ್ಲಿ ಪ್ರಿಂಟು ಹಾಕಿಸಲು ಕೊಟ್ಟಿದ್ದೇನೆ. ನನ್ನ ಬಂಡೆಗಳದ್ದು ಕೊಡಲು ಮರೆತೆ.

ನವೆಂಬರ್ 9, ಭಾನುವಾರ

ಅತ್ತೆಗೆ ಈಗ ಗಿರಾಕಿಗಳು. ಬೀದಿಯವರೆಲ್ಲ, "ಗಂಗುಲಮ್ಮಕ್ಕ, ನಂದೊಂದು ತೆಗಿ" ಅನ್ನುತ್ತಾರೆ. ಅತ್ತೆ ಎರಡು ಕೈ ಅಗಲಿಸಿ ದೂರ ನೋಡಿ, "ಇನ್ನೊಂದ್ ಹೆಜ್ಜೆ ಹಿಂದಕ್ಕೋಗು" ಅನ್ನುತ್ತಾರಂತೆ. ಹಿಂದಕ್ಕೆ ಗೋಡೆಯಿದ್ದರೆ ತಾವೇ ಸರಿಯುತ್ತಾರಂತೆ. ನಾನು ಸಂಜೆ ಬಂದು ಬ್ಯಾಟರಿ ಚಾರ್ಜು ಮಾಡಿ, ಲೆನ್ಸಿನ ಮೇಲಿನ ಎಣ್ಣೆಬೆರಳು ಒರೆಸುವವಳು. ಓದಿದ್ದಕ್ಕೂ ತೊಳೆದದ್ದಕ್ಕೂ ಸಾರ್ಥಕವಾಯಿತು.

"ನೀನ್ಯಾಕೆ ಕಲ್ಲು-ಬಂಡೆ ತೆಗೀತೀಯೇ?" ಅಂತ ಕೇಳಿದರು ಊಟದ ಹೊತ್ತಿಗೆ. "ಅವು ಎಲ್ಲಿಗ್ಹೋಗ್ತಾವೆ? ನಾಳೆನೂ ಅಲ್ಲೇ ಇರ್ತಾವಲ್ಲ."

ಇನ್ನೊಂದು ಮುದ್ದೆ ಬಡಿಸಿದೆ, ಬೇಡ ಅನ್ನಲಿಲ್ಲ. ಈಚೆಗೆ ಹಸಿವು ಚೆನ್ನಾಗಿದೆ.

ನವೆಂಬರ್ 16, ಭಾನುವಾರ

ಸರ್ವೀಸಿನವರು ದಿನ ಕೊಟ್ಟರು, 24ನೇ ತಾರೀಕು, ಸೋಮವಾರ, ಅವತ್ತಿನ ಡ್ಯೂಟಿ ಬದಲಾಯಿಸಿಕೊಂಡಿದ್ದೇನೆ. ಅದೇ ವಾರದ ಬುಧವಾರ ಅತ್ತೆಯನ್ನು ಡಾಕ್ಟರಿಗೆ ತೋರಿಸಬೇಕು. ಹಗಲೆಲ್ಲ ನಾನು ಮನೆಯಲ್ಲಿಲ್ಲ, ಅವರು ಎಷ್ಟು ನಡೆಯುತ್ತಾರೋ ಇಲ್ಲವೋ. ಕೇಳಿದರೆ, "ನಡೀತೀನಿ ಬಿಡು" ಅಂತಾರೆ, ಕ್ಯಾಮೆರಾದಿಂದ ಕಣ್ಣು ತೆಗೆಯದೆ. ಅವರ ಬಾಯಿಮಾತು ನಂಬಲು ನಾನೇನು ಹೊಸ ಸೊಸೆಯೇ?

ನವೆಂಬರ್ 23, ಭಾನುವಾರ

ಬೆಳಿಗ್ಗೆ ಕ್ಯಾಮೆರಾ ಒರೆಸಿ ಚೀಲಕ್ಕೆ ಹಾಕಬೇಕಿತ್ತು. ನಾಳೆ ಮೊದಲ ರೈಲಿಗೆ ಹೊರಡುವುದು. ಅತ್ತೆ ಕೈಯಿಂದ ಬಿಡಲೇ ಒಲ್ಲರು.

"ಕೊಂಡಮ್ಮನ ಹಸ ಈದೈತಂತೆ. ಕರ ಇನ್ನೂ ಒದ್ದೆಯಾಗೈತಂತೆ. ಅದೊಂದು ತೆಗೆದು ಕೊಟ್ಬಿಡ್ತೀನಿ."

"ನಾನೇ ಹೋಗಿ ತೆಗೀತೀನಿ, ಕೊಡಿ ಅತ್ತೆ."

"ನೀನು ಬೆಳಕು ಅಳೀತಾ ನಿಂತ್ರೆ ಕರ ದೊಡ್ಡೆತ್ತಾಗಿರ್ತೈತೆ" ಅಂತ ಹೊರಟೇಬಿಟ್ಟರು.

ಕ್ಯಾಮೆರಾದ ಪಟ್ಟಿ ಕೊರಳಲ್ಲಿರಲಿಲ್ಲ, ಕೈಯಲ್ಲಿ ಸುತ್ತಿ ಹಿಡಿದಿದ್ದರು, ತುದಿ ನೇತಾಡುತ್ತಿತ್ತು. ಗೇಟಿನವರೆಗೆ ಓಡಿ, "ಅತ್ತೇ, ಪಟ್ಟಿ ಕೊರಳಿಗೆ ಹಾಕ್ಕೊಳ್ಳಿ! ಬಿದ್ರೆ ಲೆನ್ಸು ಹೋಗುತ್ತೆ!" ಅಂತ ಕಿರುಚಿದೆ. ಅವರು ತಿರುಗಲೂ ಇಲ್ಲ, ಎಡಗೈ ಎತ್ತಿ ಆಡಿಸಿದರು. ರಸ್ತೆಗೆ ಅಡ್ಡ ಮಲಗಿದ್ದ ನಾಯಿಯನ್ನು ಬಳಸಿಕೊಂಡು ಹೋದರು.

ಮೂರ್ತಿ ಹಲ್ಲುಜ್ಜುತ್ತಾ ಬಂದು ನನ್ನ ಪಕ್ಕ ನಿಂತರು. ಬ್ರಷ್ಷು ಬಾಯಲ್ಲೇ ನಿಂತಿತು.

"ಏನೇ ನೋಡ್ತಿದ್ದೀಯ?"

"ಪಟ್ಟಿ ನೋಡಿ ಹೆಂಗ್ ನೇತಾಡ್ತಿದೆ."

"ಕಾಲು ನೋಡೇ" ಅಂದರು.

ನೋಡಿದೆ. ಒಂದು ಕೈಯಲ್ಲಿ ಕ್ಯಾಮೆರಾ. ಇನ್ನೊಂದು ಕೈ ಬರಿದು. ಎಡಗಾಲು ಸ್ವಲ್ಪ ಎಳೆದು ಹಾಕುತ್ತಾರೆ, ಆದರೆ ಮಂಡಿ ಬಗ್ಗುತ್ತಿದೆ, ಹೆಜ್ಜೆಗೊಂದು ಸಲ ಬಗ್ಗುತ್ತಿದೆ. ಹಿಂದಕ್ಕೆ ತಿರುಗಿ ಜಗಲಿ ನೋಡಿದೆ. ವಾಕರು ಅಲ್ಲೇ ಮೂಲೆಯಲ್ಲಿತ್ತು, ಅದರ ಮೇಲೆ ಮೂರ್ತಿಯ ಎರಡು ಟವೆಲ್ಲು, ನನ್ನ ಒಂದು ಲಂಗ ಒಣಗುತ್ತಿತ್ತು. ಒಣಹಾಕಿದವಳು ನಾನೇ. ಇಂದು ನಿನ್ನೆಯಲ್ಲ, ಈಚೆಗೆ ದಿನಾ ಅಲ್ಲೇ ಹಾಕುತ್ತಿದ್ದೇನೆ. ಅದು ಯಾಕೆ ಖಾಲಿ ನಿಂತಿದೆ ಅಂತ ಒಂದು ದಿನವೂ ಯೋಚಿಸಲಿಲ್ಲ.

ಗೇಟು ಹಿಡಿದುಕೊಂಡು ಅತ್ತುಬಿಟ್ಟೆ, ಬೀದಿಯಲ್ಲಿ ಹಾಲಿನವನು ನೋಡುತ್ತಿದ್ದರೂ. ಮೂರ್ತಿಯ ಕಣ್ಣೂ ಒದ್ದೆಯಾಗಿತ್ತು, ಪೇಸ್ಟಿನ ಖಾರಕ್ಕೆ ಅಂದರು. ಆಮೇಲೆ ಜೇಬಿನಿಂದ ಫೋನು ತೆಗೆದು, "ಅಮ್ಮಾ, ಇತ್ಲಾಗೆ ನೋಡು!" ಅಂತ ಕೂಗಲು ಬಾಯಿ ತೆರೆದರು. ನಾನು ಅವರ ಕೈ ಹಿಡಿದು ಕೆಳಗಿಳಿಸಿದೆ. "ಸುಮ್ನಿರಿ. ತಿರುಗಿದ್ರೆ ಹೆಜ್ಜೆ ತಪ್ತಾರೆ."

ಕೊಂಡಮ್ಮನ ಮನೆಯ ಕೊಟ್ಟಿಗೆಯ ಬಾಗಿಲಲ್ಲಿ ಅತ್ತೆ ನಿಂತರು. ಎರಡು ಕೈ ಅಗಲಿಸಿದರು. ಅರ್ಧ ಹೆಜ್ಜೆ ಮುಂದೆ ಹೋದರು. ಆಮೇಲೆ ಬಗ್ಗಿದರು.

ಹಾಗಾಗಿ ಅತ್ತೆ ನಡೆದು ಹೋದದ್ದರ ಫೋಟೋ ನಮ್ಮ ಮನೆಯಲ್ಲಿ ಇಲ್ಲ. ಕ್ಯಾಮೆರಾ ನಡೆಯುವವರ ಕೈಯಲ್ಲೇ ಇತ್ತು.